ಓದಿದ್ದು ನಿಜಕ್ಕೂ ಬಂತಾ? ಅಳೆದು ನೋಡುವ ಕ್ರಮ

ಪಾಠ ಓದಿ ಮುಗಿಸಿದ ಕೂಡಲೇ ‘ಇದು ಬಂತು’ ಅನಿಸುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಮೊದಲು ಅನುಮಾನಿಸಬೇಕಾದ್ದು ಈ ಅನಿಸಿಕೆಯನ್ನೇ. ಸಾಲುಗಳು ಇನ್ನೂ ನೆನಪಲ್ಲಿ ಹಸಿಯಾಗಿರುತ್ತವೆ, ಅಷ್ಟೇ. ನಮಗೆಷ್ಟು ಗೊತ್ತು ಎಂಬುದನ್ನು ನಾವೇ ಗಮನಿಸಿ ತಿದ್ದಿಕೊಳ್ಳುವ ಈ ಕೆಲಸಕ್ಕೆ ಮನಶ್ಶಾಸ್ತ್ರದಲ್ಲಿ ಮೆಟಾಕಾಗ್ನಿಷನ್ ಎನ್ನುತ್ತಾರೆ.

ಇವತ್ತು ಐದಾರು ಪುಟ ಓದಿ. ನಾಳೆ ಪುಸ್ತಕ ತೆರೆಯುವ ಮುಂಚೆ ಖಾಲಿ ಹಾಳೆಯಲ್ಲಿ ಶೀರ್ಷಿಕೆಗಳನ್ನಷ್ಟೇ ಬರೆದು, ಒಂದೊಂದರ ಎದುರಿಗೂ ಹತ್ತಕ್ಕೆ ಎಷ್ಟು ಅಂಕ ಬರಬಹುದೆಂದು ಅಂದಾಜು ಹಾಕಿ. ಆಮೇಲೆ ಹತ್ತು ನಿಮಿಷದಲ್ಲಿ ನೆನಪಿನಿಂದಲೇ ಉತ್ತರ ಬರೆಯಿರಿ. ಕೊನೆಗೆ ಪುಸ್ತಕ ತೆರೆದು ಕೆಂಪು ಪೆನ್ನಿನಲ್ಲಿ ತಿದ್ದಿ ಅಂಕ ಕೊಡಿ. ಅಂದಾಜಿಗೂ ಅಂಕಕ್ಕೂ ಎಲ್ಲಿ ಅಂತರ ಹೆಚ್ಚೋ ಮುಂದಿನ ಓದು ಅಲ್ಲಿಂದ ಶುರುವಾಗಲಿ. ಎಂಟು ಅಂದುಕೊಂಡು ನಾಲ್ಕು ಬಂದ ವಿಷಯ, ಮೂರು ಅಂದುಕೊಂಡು ಮೂರೇ ಬಂದದ್ದಕ್ಕಿಂತ ಅಪಾಯಕಾರಿ. ಅದನ್ನು ನೀವು ಮತ್ತೆ ತೆರೆದು ನೋಡುವುದೇ ಇಲ್ಲವಲ್ಲ!

ಸಂವಿಧಾನದ ತುರ್ತು ಪರಿಸ್ಥಿತಿಯ ವಿಧಿಗಳನ್ನೇ ತೆಗೆದುಕೊಳ್ಳಿ. 352 (ರಾಷ್ಟ್ರೀಯ ತುರ್ತು ಪರಿಸ್ಥಿತಿ), 356 (ರಾಷ್ಟ್ರಪತಿ ಆಳ್ವಿಕೆ), 360 (ಹಣಕಾಸು ತುರ್ತು ಪರಿಸ್ಥಿತಿ) ಎಂಬ ಸಂಖ್ಯೆಗಳು ಬಹುತೇಕರಿಗೆ ಬಾಯಿಪಾಠ. ಸಂಸತ್ತಿನ ಒಪ್ಪಿಗೆಗೆ ಎಷ್ಟು ಗಡುವು ಎಂದು ಬರೆಯಹೊರಟಾಗ ತೊಡಕು ಗೊತ್ತಾಗುತ್ತದೆ: 352ಕ್ಕೆ ಒಂದು ತಿಂಗಳು, ವಿಶೇಷ ಬಹುಮತ, ಉಳಿದೆರಡಕ್ಕೆ ಎರಡು ತಿಂಗಳು, ಸರಳ ಬಹುಮತ. ಇಲ್ಲಿ ಅದಲುಬದಲಾದರೆ ಇಡೀ ಪಾಠ ಮತ್ತೆ ಓದಬೇಕಿಲ್ಲ, ಮೂರು ಸಾಲಿನ ಕೋಷ್ಟಕ ಸಾಕು. ಏನೂ ಹೊಳೆಯದಿದ್ದರೆ ಮಾತ್ರ ಪಾಠಕ್ಕೆ ಮರಳಿ. ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದರೆ ‘ಅಲ್ಲದ’, ‘ಹೊರತುಪಡಿಸಿ’ ಎಂಬಂಥ ಪದಗಳಿಗೆ ಅಡಿಗೆರೆ ಹಾಕುವ ರೂಢಿ ಮಾಡಿಕೊಳ್ಳಿ.

ಈ ಕ್ರಮ ಕೈಕೊಡುವುದು ಹೆಚ್ಚಾಗಿ ತಿದ್ದುವಾಗ. ‘ಗೊತ್ತಿತ್ತು, ಬರೆಯಲಿಲ್ಲ ಅಷ್ಟೇ’ ಎಂದು ಅರ್ಧ ಅಂಕ ಕೊಟ್ಟುಕೊಳ್ಳಬೇಡಿ. ಹಾಳೆಯ ಮೇಲಿಲ್ಲದ್ದಕ್ಕೆ ಸೊನ್ನೆ. ಮೊದಮೊದಲು ಅಂಕ ಕಡಿಮೆ ಬಂದರೆ ಎದೆಗುಂದಬೇಡಿ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮರುಓದಿದವರೇ ಮುಂದಿದ್ದರು. ವಾರದ ಬಳಿಕ, ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಮುಂದಾದರು.

ಕಚೇರಿ ಕೆಲಸಕ್ಕೂ ಇದೇ ಲೆಕ್ಕ. ಮನಶ್ಶಾಸ್ತ್ರಜ್ಞ ಬ್ಯೂಲರ್ ಮತ್ತು ಸಂಗಡಿಗರ 1994ರ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಪದವಿಯ ಸಂಶೋಧನಾ ಪ್ರಬಂಧ ಮುಗಿಸಲು ಅಂದಾಜಿಸಿದ್ದು ಸರಾಸರಿ 33.9 ದಿನ, ಹಿಡಿದದ್ದು 55.5 ದಿನ. ವರದಿ ಶುರುಮಾಡುವ ಮೊದಲು ಅಂದಾಜು ಗಂಟೆ ಬರೆದಿಡಿ, ಮುಗಿದ ಮೇಲೆ ನಿಜವಾಗಿ ಹಿಡಿದದ್ದನ್ನು ಪಕ್ಕದಲ್ಲೇ ಬರೆಯಿರಿ. ಅಂಥ ಐದಾರು ಕೆಲಸಗಳ ಲೆಕ್ಕ ಕೈಗೆ ಸಿಕ್ಕ ಮೇಲೆ, ಮೇಲಧಿಕಾರಿಗೆ ಗಡುವು ಹೇಳುವಾಗ ಆ ಪಟ್ಟಿ ನೋಡಿಯೇ ಹೇಳಿ.