ಕಾಗುಣಿತ ಬಾಯಿಪಾಠ, ಪದ ಓದಲು ಬರದು: ಸರಿಹೋದದ್ದು ಹೀಗೆ

‘ಕ ಕಾ ಕಿ ಕೀ’ ಸರಾಗವಾಗಿ ಹೇಳುವ ಮಗು ‘ಸೂರ್ಯ’ವನ್ನು ‘ಸೂಯರ’ ಎಂದು ಓದುತ್ತದೆ. ಅದು ನೆಚ್ಚಿಕೊಂಡಿರುವುದು ರಾಗವನ್ನು, ಅಕ್ಷರವನ್ನಲ್ಲ. ‘ಕೀ, ಮೊ, ತು, ಸೈ’ ಎಂದು ಕ್ರಮ ತಪ್ಪಿಸಿ ಹತ್ತು ಅಕ್ಷರ ಬರೆದು ಒಬ್ಬೊಬ್ಬರಿಂದಲೇ ಓದಿಸಿ; ಎಲ್ಲಿ ತಡವರಿಸುತ್ತಾರೆಂದು ತಕ್ಷಣ ತಿಳಿಯುತ್ತದೆ. ಒಟ್ಟಾಗಿ ಓದಿಸಿದರೆ ಹಿಂದುಳಿದವರ ದನಿ ಉಳಿದವರ ದನಿಯಲ್ಲಿ ಮುಚ್ಚಿಹೋಗುತ್ತದೆ.

ಫಲ ಕೊಟ್ಟದ್ದು ದಿನಕ್ಕೆ 15 ನಿಮಿಷದ ಅಭ್ಯಾಸ, ನಾಲ್ಕೈದು ಮಕ್ಕಳ ಗುಂಪು. ಇಡೀ ವರ್ಣಮಾಲೆಗೆ ಕಾಯಬೇಕಿಲ್ಲ. ರ, ಗ, ಸ, ದ, ಅ ಬಂದರೆ ಸರ, ಅರಸ, ಅಗಸ, ಗರಗಸ ಓದಬಹುದು. ಮೊದಲ ವಾರವೇ ಅರ್ಥವುಳ್ಳ ಪದ ಸಿಕ್ಕಿದರೆ ಮಕ್ಕಳ ಹುರುಪೇ ಬೇರೆ.

ನಿಜವಾದ ತೊಡಕು ಒತ್ತಕ್ಷರದಲ್ಲಿ. ಅಕ್ಕ, ಹಗ್ಗ, ಗದ್ದೆಗಳಲ್ಲಿ ಒತ್ತು ಮೂಲ ಅಕ್ಷರವನ್ನೇ ಹೋಲುವುದರಿಂದ ಅಲ್ಲಿಂದ ಶುರುಮಾಡಿ. ತ, ನ, ಮ, ಯ, ರ, ಲ ಒತ್ತುಗಳ ಆಕಾರ ಬೇರೆ. ದಿನಕ್ಕೊಂದೇ ಮಿಂಚುಪಟ್ಟಿ (ಒತ್ತು ಬರೆದು ತೋರಿಸುವ ಚಿಕ್ಕ ಕಾರ್ಡು) ಸಾಕು. ಅರ್ಕಾವೊತ್ತು, ಅಂದರೆ ‘ಸೂರ್ಯ’ದಲ್ಲಿ ‘ರ್’ ಸದ್ದಿಗೆ ಬರೆಯುವ ಚಿಹ್ನೆ, ಕೊನೆಗಿರಲಿ. ಬರೆಯುವಾಗ ಅಕ್ಷರದ ನಂತರ ನಿಲ್ಲುವ ಅದು ಉಚ್ಚಾರದಲ್ಲಿ ಅಕ್ಷರಕ್ಕಿಂತ ಮೊದಲು ಬರುತ್ತದೆ, ಎಡವುವುದು ಅದಕ್ಕೇ. ‘ಸೂರ್ಯ’ವನ್ನೇ ‘ರ’ಕ್ಕೆ ಯ ಒತ್ತು ಕೊಟ್ಟೂ ಬರೆದು ಪಕ್ಕದಲ್ಲಿಡಿ, ಎರಡರ ಉಚ್ಚಾರವೂ ಒಂದೇ ಎಂದು ಕಂಡಾಗ ಗೊಂದಲ ಕಳೆಯುತ್ತದೆ.

ಆಮೇಲೆ 40 ಪದಗಳ ಒಂದು ಪಠ್ಯ, ಮೂರು ದಿನ ಅದೇ. ಚಿತ್ರವನ್ನು ಮುಚ್ಚಿಡಿ, ಇಲ್ಲದಿದ್ದರೆ ಊಹೆ ಓಡುತ್ತದೆ. ಮಗು ನಿಂತಾಗ ಪದ ಹೇಳಿಕೊಡುವ ಮುನ್ನ ಮನಸ್ಸಿನಲ್ಲೇ ಐದು ಎಣಿಸಿ.