ಗೋಡೆಯೊಳಗೆ ಮುರಿದ ನಲ್ಲಿ

ಕುಮಟೆಯಲ್ಲಿ ಆಷಾಢದ ರಾತ್ರಿ ಒಂಬತ್ತರ ಮೇಲೆ ಪ್ಲಂಬರ್ ಬರುತ್ತಾನೆಂದು ಯಾರೂ ಕಾಯುವುದಿಲ್ಲ. ಫೋನ್ ಎತ್ತಿದರೂ "ಬೆಳಿಗ್ಗೆ ನೋಡುವ" ಅನ್ನುತ್ತಾನೆ. ಅವನನ್ನು ದೂರುವಂತಿಲ್ಲ, ಆ ಮಳೆಯಲ್ಲಿ ನಾನಾದರೂ ಮನೆ ಬಿಟ್ಟು ಹೊರಡುತ್ತಿರಲಿಲ್ಲ. ಹಾಗಾಗಿ ನಮ್ಮ ಬಚ್ಚಲಿನ ನಲ್ಲಿ ಅಣ್ಣನ ಮಗನ ಕೈಗೇ ಕಿತ್ತು ಬಂದಾಗ ಬೆಳಗಿನವರೆಗೆ ನೋಡಿಕೊಳ್ಳುವುದು ನಮ್ಮ ಪಾಲಿಗೇ ಬಿತ್ತು.

ಹುಡುಗ ಪಾಪ ಬಲ ಹಾಕಿದವನಲ್ಲ. ನಲ್ಲಿಗೂ ಗೋಡೆಯೊಳಗಿನ ಎಲ್ಬೋಗೂ (ಪೈಪು ತಿರುಗುವ ಮೂಲೆಯ ತುಂಡು) ನಡುವೆ ಇರುವ ನಿಪ್ಪಲ್ ಎಂಬ ಗಿಡ್ಡ ಪೈಪು ತುಕ್ಕು ಹಿಡಿದು ಕಾಗದದಷ್ಟು ತೆಳ್ಳಗಾಗಿತ್ತು. ನಮ್ಮ ಕಡೆಯ ಹಳೇ ಮನೆಗಳಲ್ಲಿ ಇದು ಹೊಸದಲ್ಲ. ಚಿರೇಕಲ್ಲಿನ (ಜಂಬಿಟ್ಟಿಗೆ) ನೆಲದ ಬಾವಿನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯ, ಜಿಐ ಪೈಪಿನ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿನ, ಆ ಲೇಪವನ್ನು ಒಳಗಿನಿಂದ ತಿನ್ನುತ್ತದೆ. ಹೊರಗಿನಿಂದ ತಿನ್ನಲು ಸಮುದ್ರದ ಉಪ್ಪುಗಾಳಿ ಇದ್ದೇ ಇದೆ. ಅದರ ಮೇಲೆ ಕಬ್ಬಿಣಕ್ಕೆ ಹಿತ್ತಾಳೆಯ ನಲ್ಲಿ ಕೂಡಿಸಿದರೆ, ಎರಡು ಲೋಹ ಸೇರುವ ಆ ಜಾಗದಲ್ಲಿ ಕಬ್ಬಿಣವೇ ಮೊದಲು ಸವೆಯುತ್ತದೆ. ಮುರಿಯುವುದೂ ಅಲ್ಲೇ.

ಮೊದಲು ಕರೆಂಟು. ನೀರು ಬಚ್ಚಲಿನ ಎದುರು ಗೋಡೆಗೆ ಚಿಮ್ಮುತ್ತಿತ್ತು, ಆ ಗೋಡೆಯ ಆಚೆ ಬದಿಗೆ ಸ್ವಿಚ್‌ಬೋರ್ಡು. ಚಿರೇಕಲ್ಲು ನೀರು ಹೀರುವ ಕಲ್ಲು. ಊರಿಗೆಲ್ಲ ಕರೆಂಟು ಹೋಗಿದೆಯಲ್ಲ ಎಂದು ಸುಮ್ಮನಿರುವಂತಿರಲಿಲ್ಲ, ನಮ್ಮಲ್ಲಿ ಇನ್ವರ್ಟರ್ ಇದೆ. ಮೇನ್ ಸ್ವಿಚ್ ಇಳಿಸಿದರೂ ಇನ್ವರ್ಟರಿನ ಲೈನು ಜೀವಂತ. ಇನ್ವರ್ಟರ್ ಒಂದನ್ನೇ ಆರಿಸಿದರೆ, ಊರಿನ ಕರೆಂಟು ಮರಳಿದ ಕೂಡಲೇ ಅದು ಆ ಲೈನಿಗೂ ಹರಿಯಬಹುದು. ಎರಡನ್ನೂ ಆರಿಸಿ, ಮುಂದಿನದನ್ನೆಲ್ಲ ಟಾರ್ಚಿನಲ್ಲೇ ಮಾಡಿದೆವು.

ಆಮೇಲೆ ನೀರು. ನಮ್ಮ 500 ಲೀಟರಿನ ಟ್ಯಾಂಕು ಬಚ್ಚಲಿನ ತಾರಸಿಯ ಮೇಲಿದೆ. ಕೆಳಗೆ ಬರುವ ಪೈಪಿಗೆ ಗೇಟ್ ವಾಲ್ವ್ ಇತ್ತು, ತಿರುಪು ತಿರುಗಿಸಿದರೆ ಒಳಗಿನ ಬಾಗಿಲು ಇಳಿದು ನೀರು ನಿಲ್ಲಿಸುವಂಥದ್ದು. ವರ್ಷಗಟ್ಟಲೆ ಯಾರೂ ಮುಟ್ಟದೆ ಅದು ಅಲ್ಲೇ ಕಚ್ಚಿ ಕೂತಿತ್ತು. ಪಾನಾ ಹಾಕಿ ತಿರುಗಿಸಲು ಹೊರಟಾಗ ಆಚೆಮನೆ ಮಾವ ಕೊಡೆ ಹಿಡಿದು ಬಂದವರು, "ಒತ್ತಾಯ ಮಾಡಡ ಮಾರಾಯಾ, ತುಂಡಾಗ್ತು" ಅಂದರು. ಅವರು ಹೇಳಿದ್ದು ಸರಿ. ಕಚ್ಚಿದ ಗೇಟ್ ವಾಲ್ವಿನ ತಿರುಪು ಬಲ ಹಾಕಿದ್ದಕ್ಕೆ ಮುರಿದರೆ ಒಳಗಿನ ಬಾಗಿಲು ಎಲ್ಲಿತ್ತೋ ಅಲ್ಲೇ ಉಳಿಯುತ್ತದೆ. ಆ ಕಡೆ ಈ ಕಡೆ ಕೂದಲೆಳೆಯಷ್ಟು ಅಲುಗಿಸಿ ನೋಡಿದೆ, ಕೇಳಲಿಲ್ಲ, ಬಿಟ್ಟೆ.

ಟ್ಯಾಂಕನ್ನು ಒಳಗಿನಿಂದಲೇ ಮುಚ್ಚುವ ಉಪಾಯವೂ ಮಾವನದೇ. ಹಳೇ ಪಂಚೆಯ ತುಂಡನ್ನು ಮುಷ್ಟಿಗಿಂತ ತುಸು ದಪ್ಪ ಉಂಡೆ ಕಟ್ಟಿ, ಅದಕ್ಕೆ ಸುಂಬಿನ ಹಗ್ಗ ಬಿಗಿದೆವು. ಟ್ಯಾಂಕಿನ ಮುಚ್ಚಳ ತೆಗೆದು, ಬಿದಿರು ಗಳದ ತುದಿಯಿಂದ ಉಂಡೆಯನ್ನು ನೀರು ಹೊರಹೋಗುವ ಕಂಡಿಯ ಹತ್ತಿರ ದೂಡಿದೆ. ಹತ್ತಿರ ಹೋದದ್ದೇ ತಡ, ನೀರೇ ಅದನ್ನು ಎಳೆದು ಕೂರಿಸಿಕೊಂಡಿತು. ಬಟ್ಟೆ ಚಿಕ್ಕದಾದರೆ ಪೈಪಿನೊಳಗೇ ಹೋಗಿಬಿಡುತ್ತದೆ, ಅದಕ್ಕೇ ದಪ್ಪ ಉಂಡೆ, ಅದಕ್ಕೇ ಹಗ್ಗ. ಹಗ್ಗದ ಇನ್ನೊಂದು ತುದಿಯನ್ನು ಹೊರಗೆ ಕಟ್ಟಿಟ್ಟೆ. ಒಂದು ಮಾತು: ಆವತ್ತು ಬರೀ ಮಳೆ, ಸಿಡಿಲು ಇರಲಿಲ್ಲ. ಇದ್ದಿದ್ದರೆ ಪಾಚಿಗಟ್ಟಿದ ಆ ತಾರಸಿಗೆ ಹತ್ತುತ್ತಲೇ ಇರಲಿಲ್ಲ. ಟ್ಯಾಂಕು ಖಾಲಿಯಾಗಲಿ ಎಂದು ಬಿಡುತ್ತಿದ್ದೆ. ಅರ್ಧಿಂಚಿನ ಬಾಯಿ ಪೂರ್ತಿ ತೆರೆದಿದ್ದರೆ ನಿಮಿಷಕ್ಕೆ ಒಂದು ಬಕೆಟ್ ನೀರು ಸುಲಭವಾಗಿ ಹೋಗುತ್ತದೆ, ಅರ್ಧ ಗಂಟೆಯೊಳಗೆ ಎಲ್ಲ ಮುಗಿಯುತ್ತದೆ. ಮಳೆಗಾಲದಲ್ಲಿ ಬಾವಿ ಕಟ್ಟೆಯತನಕ ತುಂಬಿರುವಾಗ ನೀರು ಹೋಯಿತೆಂದು ಅಳುವವರು ನಾವಲ್ಲ. ನೆಲಕ್ಕೂ ಗೋಡೆಗೂ ಹೆದರಬೇಕು ಅಷ್ಟೆ.

ಕೆಳಗೆ ಆಯಿ ಆಗಲೇ ಕೂಗುತ್ತಿದ್ದಳು, "ತಮಾ, ಅಡುಗೆಮನೆ ಬದಿಗೆ ನೀರು ಹೋಗ್ತು, ಗೋಣಿ ತಗಂಡು ಬಾ." ಹೊಸ್ತಿಲಿಗೆ ಒದ್ದೆ ಗೋಣಿ ಸುತ್ತಿ ಒಡ್ಡು ಹಾಕಿ, ಪೈಪಿನಲ್ಲಿ ಉಳಿದ ನೀರನ್ನು ಅಂಗಳದ ನಲ್ಲಿಯಿಂದ ಇಳಿಸಿಬಿಟ್ಟೆವು.

ಇಲ್ಲಿ ಒಂದು ಲೆಕ್ಕ ಹೇಳಬೇಕು. ಇದು ಮೊದಲೇ ಗೊತ್ತಿದ್ದದ್ದರಿಂದ ನನ್ನ ಕೈ ನಡುಗಲಿಲ್ಲ. ಹತ್ತು ಮೀಟರ್ ಎತ್ತರದ ನೀರು ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತುತ್ತದೆ. ನಮ್ಮ ಟ್ಯಾಂಕಿನ ನೀರು ಆ ನಲ್ಲಿಗಿಂತ ಮೂರು ಮೀಟರ್ ಮೇಲೆ, ಅರ್ಧಿಂಚಿನ ಪೈಪಿನ ಬಾಯಿ ಸುಮಾರು ಎರಡು ಚದರ ಸೆಂಟಿಮೀಟರ್. ಅಂದರೆ ಒಟ್ಟು ಒತ್ತು ಅರ್ಧ ಕಿಲೋ ಆಸುಪಾಸು. ಶಬ್ದ ಎಷ್ಟೇ ಇರಲಿ, ಹೆಬ್ಬೆರಳಿಗೆ ನಿಲ್ಲುವ ನೀರು ಅದು. ಪಂಪಿನಿಂದ ನೇರ ಒತ್ತಡ ಬರುವ ಮನೆಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಅಲ್ಲಿ ಮೊದಲು ಪಂಪು ನಿಲ್ಲಿಸಬೇಕು.

ಹಾಗಾಗಿ ರಾತ್ರಿ ಮಟ್ಟಿಗೆ ಒಂದು ಮರದ ಗೂಟ ಸಾಕಾಯಿತು. ಬಚ್ಚಲೊಲೆಯ ಸೌದೆಯಲ್ಲಿ ಒಂದನ್ನು ಕತ್ತಿಯಿಂದ ತುದಿ ಸಣ್ಣಗಾಗುವಂತೆ ಕೆತ್ತಿ, ತೆಳು ಬಟ್ಟೆ ಸುತ್ತಿ, ಗೋಡೆಯೊಳಗೆ ಉಳಿದ ನಿಪ್ಪಲಿನ ಬಾಯಿಗೆ ತಿರುಗಿಸುತ್ತ ಒತ್ತಿದೆ. ಸುತ್ತಿಗೆ ಮುಟ್ಟಲಿಲ್ಲ. ಹಳೇ ಎಲ್ಬೋ ಗೋಡೆಯೊಳಗೇ ಬಿರಿದರೆ ಗೋಡೆ ಒಡೆಯಬೇಕಾಗುತ್ತದೆ. ಮರ ನೆನೆದು ಉಬ್ಬಿದಂತೆ ಇನ್ನೂ ಬಿಗಿಯಾಯಿತು. ಟ್ಯಾಂಕಿನ ಉಂಡೆ ಹಗ್ಗ ಹಿಡಿದು ಎಳೆದೆ, ಅಡುಗೆಮನೆಗೆ ನೀರು ಬಂತು, ಗೂಟದಲ್ಲಿ ತೊಟ್ಟು ತೊಟ್ಟು ಅಷ್ಟೆ. ಎಂ-ಸೀಲ್ (ಕಲಸಿ ಮೆತ್ತುವ ಅಂಟು) ಹಚ್ಚು ಎಂದು ಫೋನಿನಲ್ಲಿ ಸಲಹೆ ಕೊಟ್ಟವರಿದ್ದರು. ಒಣಗಿದ ಪೈಪಿಗೆ, ನೀರು ನಿಂತಮೇಲೆ ಅದು ಸರಿ. ಹರಿಯುವ ನೀರಿನ ಮೇಲೆ ಅದು ಕಚ್ಚುವುದಿಲ್ಲ. ಹಿಂದೊಮ್ಮೆ ತೆಂಗಿನ ಮಡಲು ಬಿದ್ದು ಅಂಗಳದ ಪಿವಿಸಿ ಪೈಪು ಸೀಳಿದಾಗ ನನಗೆ ಒದಗಿದ್ದು ಹಳೇ ಸೈಕಲ್ ಟ್ಯೂಬು. ಉದ್ದಕ್ಕೆ ಸೀಳಿ, ಜಗ್ಗಿ ಜಗ್ಗಿ ಒಂದರ ಮೇಲೊಂದು ಸುತ್ತಿ, ಎರಡೂ ಬದಿಗೆ ತಂತಿ ಬಿಗಿದರೆ ಗುರುತ್ವದ ಒತ್ತಡಕ್ಕೆ ಧಾರಾಳ ನಿಲ್ಲುತ್ತದೆ.

ಬೆಳಿಗ್ಗೆ ಪ್ಲಂಬರ್ ಬಂದಾಗ ಮುರಿದ ತುಂಡು ಹೊರಗಿತ್ತು. ಅವನು ಬರುವ ಮೊದಲೇ ಟ್ಯಾಂಕಿನ ಕಂಡಿಗೆ ಮತ್ತೆ ಉಂಡೆ ಕೂರಿಸಿ, ಗೂಟ ಕಿತ್ತು, ಸಂದಿಗೆ ಸೀಮೆಎಣ್ಣೆ ಬಿಟ್ಟು, ಚಹಾ ಕುಡಿದು ಬಂದೆ. ಮೂರುಮೂಲೆಯ ಅರದ ಹಿಡಿ ತೆಗೆದು ಅದರ ಚೂಪು ಬಾಲವನ್ನು ತುಂಡಿನೊಳಗೆ ಮೆಲ್ಲಗೆ ತಟ್ಟಿ ಕೂರಿಸಿ, ಪಾನಾದಿಂದ ಎಡಕ್ಕೆ ತಿರುಗಿಸಿದರೆ ಅದರ ಮೂಲೆಗಳು ಕಬ್ಬಿಣವನ್ನು ಕಚ್ಚಿ ಹಿಡಿಯುತ್ತವೆ. ಅದಕ್ಕೂ ಬಗ್ಗದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಒಳಗಿನಿಂದಲೇ ಗೀರು ಹಾಕಿ ತುಂಡನ್ನು ಒಳಕ್ಕೆ ಮಡಚಬೇಕು, ಆದರೆ ಗೀರು ಎಲ್ಬೋದೊಳಗಿನ ತಿರುಪಿನ ಎಳೆಗೆ ತಾಗಬಾರದು. ನಮ್ಮದು ಬಗ್ಗಿತು. ಅರ್ಧಿಂಚಿನ ಡಮ್ಮಿಗೆ (ಪೈಪಿನ ಬಾಯಿ ಮುಚ್ಚುವ ತಿರುಪಿನ ಬಿರಡೆ) ಟೆಫ್ಲಾನ್ ಟೇಪನ್ನು ಎಳೆಯ ತುದಿ ನಮ್ಮ ಕಡೆ ಇಟ್ಟುಕೊಂಡು ಗಡಿಯಾರದ ಮುಳ್ಳು ಹೋದ ದಿಕ್ಕಿಗೇ ಸುತ್ತಿದೆ. ಉಲ್ಟಾ ಸುತ್ತಿದರೆ ಬಿಗಿಯುವಾಗ ಟೇಪು ಬಿಚ್ಚಿಕೊಂಡು ಹೊರಬರುತ್ತದೆ.

ಪ್ಲಂಬರ್ ಡಮ್ಮಿ ನೋಡಿ ನಕ್ಕ. ಗೋಡೆಯೊಳಗಿನ ಹಳೇ ಲೈನನ್ನು ಅಲ್ಲೇ ಬಿಟ್ಟು, ಗೋಡೆಯ ಹೊರಮೈಯಲ್ಲಿ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಎಳೆಸಿದೆವು. ನೋಡಲು ಚಂದವಿಲ್ಲ ಎಂದು ಆಯಿಯ ತಕರಾರು ಇನ್ನೂ ಮುಗಿದಿಲ್ಲ. ಗೇಟ್ ವಾಲ್ವ್ ಹೋಗಿ ಬಾಲ್ ವಾಲ್ವ್ ಬಂತು, ಕಾಲು ಸುತ್ತಿಗೆ ನೀರು ಬಂದ್. ಅಮಾವಾಸ್ಯೆಗೊಮ್ಮೆ ಅದನ್ನು ತಿರುಗಿಸಿ ಬಿಡುವ ಕೆಲಸ ಅಣ್ಣನ ಮಗನದು. ಅಡುಗೆಮನೆಯ ಲೈನು ಮಾತ್ರ ಇನ್ನೂ ಹಳೇ ಜಿಐ, ಅದಕ್ಕೆ ದೀಪಾವಳಿ ಕಳೆಯಬೇಕು.