ಭಜ್ಜು ಶ್ಯಾಮ್ ಚಿತ್ರಗಳನ್ನು ನಾನು ಬಿಡಿಸಿ ನೋಡಿದ ಬಗೆ

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಕೆಲಸ. ಯಾರದ್ದಾದರೂ ಚಿತ್ರ ಹಿಡಿಸಿತು ಅಂದರೆ ಸುಮ್ನೆ ಪುಟ ತಿರುಗಿಸಲು ನನ್ನಿಂದ ಆಗುವುದಿಲ್ಲ. ಹೇಗೆ ಮಾಡಿದರು ಅಂತ ಗೊತ್ತಾಗಲೇಬೇಕು. ಹಾಗೆ ಕೈಗೆತ್ತಿಕೊಂಡವರಲ್ಲಿ ನನಗೆ ಜಾಸ್ತಿ ಕಲಿಸಿದವರು ಮಧ್ಯಭಾರತದ ಗೊಂಡ ಬುಡಕಟ್ಟಿನ ಕಲಾವಿದ ಭಜ್ಜು ಶ್ಯಾಮ್.

ಮಧ್ಯಪ್ರದೇಶದ ಪಾಟನ್‌ಗಢ ಅವರ ಊರು. ಭೋಪಾಲ್‌ಗೆ ಬಂದು ರಾತ್ರಿ ಕಾವಲು ಕಾದು, ಎಲೆಕ್ಟ್ರಿಷಿಯನ್ ಕೆಲಸವನ್ನೂ ಮಾಡಿ, ಆಮೇಲೆ ಬಂಧು ಜಂಗಢ್ ಸಿಂಗ್ ಶ್ಯಾಮ್ ಬಳಿ ಕೈ ಪಳಗಿಸಿಕೊಂಡರು. ಗೋಡೆಯ ಮೇಲಿದ್ದ ಗೊಂಡ ಚಿತ್ರವನ್ನು 1980ರ ದಶಕದಲ್ಲಿ ಕಾಗದ, ಕ್ಯಾನ್ವಾಸಿಗೆ ತಂದವರು ಆ ಜಂಗಢ್. ಭಜ್ಜು ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ನಾನು ಇಟ್ಟುಕೊಂಡಿದ್ದು ಚೆನ್ನೈನ ತಾರಾ ಬುಕ್ಸ್ ತಂದ ಎರಡು ಪುಸ್ತಕ. 2004ರ ‘ದಿ ಲಂಡನ್ ಜಂಗಲ್ ಬುಕ್’ನ ಚಿತ್ರಗಳು ಅವರೊಬ್ಬರದ್ದೇ. 2006ರ ‘ದಿ ನೈಟ್ ಲೈಫ್ ಆಫ್ ಟ್ರೀಸ್’ ದುರ್ಗಾ ಬಾಯಿ, ರಾಮ್ ಸಿಂಗ್ ಉರ್ವೇತಿ ಅವರ ಜೊತೆ ಸೇರಿ ಮಾಡಿದ್ದು. ಈ ಎರಡನೆಯದು ಕೈಯಲ್ಲಿ ತಯಾರಿಸಿದ ಕಪ್ಪು ಕಾಗದದ ಮೇಲೆ ಸ್ಕ್ರೀನ್ ಪ್ರಿಂಟ್ ಆಗಿದೆ. ಅದೇ ನನಗೆ ಅನುಕೂಲವಾಯಿತು.

ಯಾಕೆ ಅಂದರೆ, ಮಾಮೂಲಿ ಆಫ್‌ಸೆಟ್ ಮುದ್ರಣದ ಪುಟದ ಮೇಲೆ ಭೂತಗನ್ನಡಿ ಇಟ್ಟರೆ ಕಾಣುವುದು ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕಿಗಳ ಜಾತ್ರೆ. ಅದು ಮುದ್ರಣದ ಚುಕ್ಕಿ, ಕಲಾವಿದನದ್ದಲ್ಲ. ಸ್ಕ್ರೀನ್ ಪ್ರಿಂಟಿನಲ್ಲಿ ಶಾಯಿಯನ್ನು ಜಾಲರಿ ಪರದೆಯ ಮೂಲಕ ಕಾಗದಕ್ಕೆ ಒತ್ತುತ್ತಾರೆ, ಒಂದೊಂದು ಬಣ್ಣಕ್ಕೆ ಒಂದೊಂದು ಪರದೆ. ಶಾಯಿ ಗಟ್ಟಿಯಾಗಿ ಕಾಗದದ ಮೇಲೆ ಕೂತಿರುತ್ತದೆ. ಬೆರಳಾಡಿಸಿದರೆ ಗೆರೆ ಕೈಗೇ ಸಿಗುತ್ತದೆ. ಹಾಗಾಗಿ ಬಣ್ಣವನ್ನು ಕೊನೆಗಿಟ್ಟೆ. ಮೊದಲು ನೋಡಿದ್ದು ಟೆಕ್ಸ್ಚರ್, ಅಂದರೆ ಆಕಾರದ ಒಳಗೆ ತುಂಬಿದ ಗೆರೆ-ಚುಕ್ಕಿಗಳ ನೇಯ್ಗೆ.

ಗೊಂಡ ಚಿತ್ರದಲ್ಲಿ ಆಕಾರದ ಒಳಗನ್ನು ಚುಕ್ಕಿ, ಪುಟ್ಟ ಗೆರೆ, ಅರ್ಧಚಂದ್ರಗಳಿಂದ ತುಂಬುತ್ತಾರೆ. ಈ ತುಂಬುವ ರೀತಿ ಕಲಾವಿದರಿಗೊಂದು. ಅದೇ ಅವರ ರುಜು. ಅದಕ್ಕೇ ಮೂವರಿರುವ ಪುಸ್ತಕದಲ್ಲಿ ಹೆಸರು ಮುಚ್ಚಿಟ್ಟು, ಯಾವ ಮರ ಯಾರದ್ದು ಅಂತ ಊಹಿಸುತ್ತಾ ಕೂತೆ. ಮರದ ಆಕಾರ ನೋಡಿದರೆ ಗೊಂದಲವೇ. ಒಳಗಿನ ಗೆರೆ ನೋಡಿದರೆ ಆಸಾಮಿ ಸಿಕ್ಕಿಬಿಡುತ್ತಾರೆ. ನೀವೂ ಆಡಿ ನೋಡಿ, ಮಜಾ ಇದೆ.

ಆಮೇಲೆ ಒಂದು ಬೊಡ್ಡೆಯ ಹೆಬ್ಬೆರಳಗಲದ ತುಂಡನ್ನು ದೊಡ್ಡದು ಮಾಡಿ ನಕಲು ಮಾಡಿದೆ. ಒಂದೇ ಹೊರಗೆರೆಯನ್ನು ಎರಡು ಸಲ ಬರೆದುಕೊಂಡೆ. ಒಂದರಲ್ಲಿ ಗೆರೆಗಳನ್ನು ಅಡ್ಡಡ್ಡ ಒಂದೇ ಸಮ ಎಳೆದೆ. ಇನ್ನೊಂದರಲ್ಲಿ ಮೂಲದಲ್ಲಿದ್ದ ಹಾಗೆ ಬೊಡ್ಡೆ ಬೆಳೆಯುವ ದಿಕ್ಕಿನಲ್ಲಿ ಎಳೆದು, ಕೊಂಬೆ ಒಡೆಯುವಲ್ಲಿ ಗೆರೆಯನ್ನೂ ತಿರುಗಿಸಿದೆ. ಮೊದಲನೆಯದು ಹಲಗೆ. ಎರಡನೆಯದು ಮರ! ಈ ಚಿತ್ರಗಳಲ್ಲಿ ನೆರಳಿಲ್ಲ, ಬೆಳಕು ಯಾವ ಕಡೆಯಿಂದ ಬಂತು ಅನ್ನುವ ಲೆಕ್ಕವಿಲ್ಲ. ನಾವು ಶೇಡಿಂಗ್‌ನಿಂದ ಮಾಡುವ ಕೆಲಸವನ್ನು ಇಲ್ಲಿ ಗೆರೆಯ ದಿಕ್ಕು ಮಾಡುತ್ತದೆ. ಗೆರೆ ಒತ್ತಾದರೆ ಭಾರ, ಬಿಡಿಯಾದರೆ ಹಗುರ. ಇಷ್ಟು ತಿಳಿದದ್ದೇ ನನಗೆ ದೊಡ್ಡ ಲಾಭ.

ಬಣ್ಣಕ್ಕೆ ಬಂದರೆ, ಪುಟದ ಫೋಟೊ ತೆಗೆದು ಫೋನಿನಲ್ಲೇ ಕಪ್ಪು-ಬಿಳುಪು ಮಾಡಿದೆ. ಯಾರದ್ದೇ ಚಿತ್ರವಾಗಲಿ, ನಾನು ಮಾಡುವ ಮೊದಲ ಬಣ್ಣದ ಪರೀಕ್ಷೆ ಇದು. ಬಣ್ಣ ಹೋದ ಮೇಲೂ ಚಿತ್ರ ನಿಂತರೆ ಅದನ್ನು ಹೊತ್ತಿರುವುದು ಬೇರೇನೋ ಅಂತ ಅರ್ಥ. ಇಲ್ಲಿ ನಿಂತಿತು. ಕಪ್ಪು ಕಾಗದದ ಮೇಲಿನ ತಿಳಿಗೆರೆಗಳು ಒಂದೂ ಕಳೆದುಹೋಗಲಿಲ್ಲ. ಎಲೆ ಹಸಿರಾಗಿಯೇ ಇರಬೇಕು ಅನ್ನುವ ಹಟವೂ ಇಲ್ಲಿಲ್ಲ. ಪಕ್ಕದ ಆಕಾರದಿಂದ ಬೇರೆಯಾಗಿ ಕಂಡರೆ ಆಯಿತು. ಒಂದು ಬಣ್ಣ ಹೆಚ್ಚಿದರೆ ಒಂದು ಪರದೆಯೂ ಹೆಚ್ಚಬೇಕಲ್ವಾ, ಅದಕ್ಕೇ ಬಣ್ಣಗಳೂ ಲೆಕ್ಕಾಚಾರದವು.

ಇದನ್ನು ಮನೆಯಲ್ಲಿ ಮಾಡಿ ನೋಡುವವರಿಗೆ ಒಂದು ಮಾತು. ಕಪ್ಪು ಕಾಗದಕ್ಕೆ ಪೋಸ್ಟರ್ ಕಲರ್ ನೇರ ಹಚ್ಚಿದರೆ ಒಣಗುವಾಗ ಕಳೆಗುಂದುತ್ತದೆ. ಮೊದಲು ತೆಳುವಾಗಿ ಬಿಳಿ ಹಚ್ಚಿ, ಒಣಗಿದ ಮೇಲೆ ಬೇಕಾದ ಬಣ್ಣ ಹಾಕಿ. ಅಕ್ರಿಲಿಕ್ ಆದರೆ ಈ ತಾಪತ್ರಯ ಕಡಿಮೆ.

ಶೈಲಿ ಅರ್ಥವಾಗಿದ್ದು ಮಾತ್ರ ಲಂಡನ್ ಪುಸ್ತಕದಿಂದ. ಅಲ್ಲಿನ ಒಂದು ಭಾರತೀಯ ರೆಸ್ಟೋರೆಂಟಿನ ಗೋಡೆಗೆ ಚಿತ್ರ ಬರೆಯಲು ಭಜ್ಜು ಹೋಗಿದ್ದರು. ಆ ಊರನ್ನು ಅವರು ಕಂಡ ರೀತಿ ನೋಡಿ. ಬಿಗ್ ಬೆನ್ ಗಡಿಯಾರ ಹುಂಜದ ಜೊತೆ ಬೆರೆತುಹೋಗಿದೆ, ಗಡಿಯಾರದ ಮುಖವೇ ಹುಂಜದ ಕಣ್ಣು. ಹೊತ್ತು ಹೇಳುವುದು ಎರಡರದ್ದೂ ಕಸುಬು. ನೆಲದಡಿಯ ರೈಲು ಎರೆಹುಳ. ಬಸ್ಸು ನಾಯಿ. ವಿಮಾನ ರೆಕ್ಕೆ ಮೂಡಿದ ಆನೆ. ಸಂಜೆಯಾದರೆ ಪಬ್ ಸೇರುವ ಇಂಗ್ಲಿಷರು ಬಾವಲಿಗಳು! ಗೊಂಡ ಸ್ಟೈಲ್ ಅಂತ ನವಿಲಿನ ಮೈತುಂಬಾ ಚುಕ್ಕಿ ತುಂಬಿ ಮಾರುವುದನ್ನು ನೀವೂ ನೋಡಿರುತ್ತೀರಿ. ನನ್ನ ಪ್ರಕಾರ ಅದು ಬರೀ ವೇಷ. ಇಲ್ಲಿ ವಸ್ತು ಹೇಗೆ ಕಾಣುತ್ತದೆ ಅನ್ನುವುದಕ್ಕಿಂತ ಏನು ಮಾಡುತ್ತದೆ ಅನ್ನುವುದು ಮೊದಲು ಬರುತ್ತದೆ. ಚುಕ್ಕಿ, ಗೆರೆ ಎಲ್ಲ ಅದರ ಹಿಂದೆ.

ಈಗ ಇದೇ ಕ್ರಮದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಗೋಡೆಚಿತ್ರ ಹಸೆ ಚಿತ್ತಾರ ನೋಡುತ್ತಿದ್ದೇನೆ. ಕೆಮ್ಮಣ್ಣಿನ ಗೋಡೆ, ಅಕ್ಕಿಯ ಬಿಳಿ, ಪುಂಡಿ ನಾರಿನ ಕುಂಚ. ಇಲ್ಲಿ ನೇರ ಗೆರೆಗಳದ್ದೇ ರಾಜ್ಯ. ಗೆರೆ ಯಾವ ಕಡೆ ಬಾಗಿತು ಅಂತ ಹುಡುಕುತ್ತಾ ಕೂತರೆ ಪ್ರಯೋಜನವಿಲ್ಲ. ಗೆರೆಗೂ ಗೆರೆಗೂ ನಡುವೆ ಬಿಟ್ಟ ಕೆಂಪು ಜಾಗವನ್ನು ಅಳೆಯಬೇಕು ಅನ್ನಿಸಿದೆ. ಅದಕ್ಕೆ ಗ್ರಾಫ್ ಹಾಳೆ ತಂದಿಟ್ಟುಕೊಂಡಿದ್ದೇನೆ.